ಬೆರಳ ಬದಲಿಗೆ ಬಂದ ಪಿಕ್ಕು

ಆ ಬೀದಿಯ ತಾಯಂದಿರಿಗೆ ಮಕ್ಕಳಿಗೆ ಉಣ್ಣಿಸುವುದು ಒಂದು ಕೆಲಸವೇ ಆಗಿರಲಿಲ್ಲವಂತೆ. ಸಂಜೆ ತಟ್ಟೆ ಹಿಡಿದು ಕೂತು, "ತಿಂತೀಯೋ, ಗುಮ್ಮನ್ನ ಕರೀಲೋ?" ಎಂದರೆ ಸಾಕು, ಗೋಡೆಯೊಳಗಿಂದ ಗುಮ್ಮ್ ಎಂದು ಉತ್ತರ ಬರುತ್ತಿತ್ತು. ಮಗು ತಾನಾಗಿ ಬಾಯಿ ತೆರೆಯುತ್ತಿತ್ತು. ಕೆಳಮನೆಯ ಟೈಲರ್ ಮಾತ್ರ, ಆ ಗೋಡೆಗೆ ಹೊಟ್ಟೆ ಕೆಟ್ಟಿದೆ, ಯಾರಾದರೂ ಔಷಧಿ ಕೊಡಿಸಿ ಎನ್ನುತ್ತಿದ್ದ. ಅವನ ಸೂಜಿಡಬ್ಬಿ ಮೇಜಿನ ಮೇಲೆ ತಾನಾಗಿಯೇ ನಡೆದು ಹೋಗಿ ಅಂಚಿನಿಂದ ಬೀಳುತ್ತಿತ್ತಂತೆ.

ಗೋಡೆಯ ಹಿಂದೆ ಇದ್ದವಳನ್ನು ಬೀದಿಯೆಲ್ಲ ಗುಮ್ಮಕ್ಕ ಎಂದು ಕರೆಯುತ್ತಿತ್ತು. ಮನೆಯಲ್ಲಿ ಅವಳು ಬರೀ ಅಕ್ಕ. ವಯಸ್ಸು ಐವತ್ತೆರಡು. ಹಗಲು ಪ್ರಿಂಟಿಂಗ್ ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ ಪುಸ್ತಕ ಹೊಲಿಯುವುದು, ಸಂಜೆ ಬೇಸ್ ಗಿಟಾರ್ ನುಡಿಸುವುದು, ಮೂವತ್ತು ವರ್ಷದಿಂದ ಅವಳ ಬದುಕು ಇಷ್ಟೇ. ನಾಲ್ಕೇ ತಂತಿ, ಒಂದೊಂದೂ ಬಾವಿ ಹಗ್ಗದ ತಮ್ಮನ ಹಾಗೆ ದಪ್ಪ. ಅದರಿಂದ ಹಾಡು ಹುಟ್ಟುವುದಿಲ್ಲ, ಹಾಡು ನಿಲ್ಲುವುದಕ್ಕೆ ನೆಲ ಸಿಗುತ್ತದೆ. ಅಪ್ಪ ಅಮ್ಮ ಹೋದ ಮೇಲೆ ಸೋದರಮಾವ ಅವಳನ್ನೂ ಅವಳ ತಮ್ಮನನ್ನೂ ನೋಡಿಕೊಳ್ಳುತ್ತೇನೆ ಎಂದು ಬಂದು, ಆರು ತಿಂಗಳಿಗೆ ಬೇಸರವಾಗಿ, ತನ್ನ ಗಿಟಾರನ್ನು ಇವರ ಮನೆಯಲ್ಲೇ ಬಿಟ್ಟು ನಾಪತ್ತೆಯಾಗಿದ್ದ. ಅವನ ಹೊಣೆ ಅಕ್ಕನ ಹೆಗಲಿಗೆ ಬಂತು, ಗಿಟಾರೂ ಅದೇ ಹೆಗಲಿಗೆ ಬಂತು.

ಆಗ ತಮ್ಮನಿಗೆ ಹತ್ತು ವರ್ಷ. ಅಕ್ಕ ನುಡಿಸುವಾಗ ಎದುರಿಗೆ ಕೂತು ಬಿಸ್ಕತ್ತಿನ ಡಬ್ಬ ಬಡಿಯುತ್ತಿದ್ದ. ಡಬ್ಬ ಹೋಗಿ ಡ್ರಮ್ ಬಂತು, ಹುಡುಗ ಹೋಗಿ ಬಸ್ ಡಿಪೋದ ಮೆಕ್ಯಾನಿಕ್ ಬಂದ, ಆದರೆ ಕಲಿತದ್ದು ಬದಲಾಗಲಿಲ್ಲ. ಅಕ್ಕನ ಬೆರಳು ತಂತಿಯ ಮೇಲೆ ಹೇಗೆ ಬೀಳುತ್ತದೋ ಹಾಗೆ ಅವನ ಬಲಗಾಲು ದೊಡ್ಡ ಡ್ರಮ್ಮಿನ ಪೆಡಲ್ ಒತ್ತುತ್ತಿತ್ತು. "ಅಕ್ಕನ ಕೈಗೂ ತಮ್ಮನ ಕಾಲಿಗೂ ಯಾರೋ ದಾರ ಕಟ್ಟಿದ್ದಾರೆ" ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಇಬ್ಬರೂ ಮದುವೆಯಾಗದೆ ಉಳಿದದ್ದಕ್ಕೂ ಆ ದಾರವನ್ನೇ ದೂರುತ್ತಿದ್ದರು.

ತಂಡದಲ್ಲಿ ಇನ್ನಿಬ್ಬರು. ಕೀಬೋರ್ಡ್ ನುಡಿಸುವ ಮೇಷ್ಟ್ರು, ತಂಡದ ಯಜಮಾನರೂ ಅವರೇ, ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದವರು. ಹಾಡುವವಳು ನರ್ಸಮ್ಮ, ಆಸ್ಪತ್ರೆಯಲ್ಲಿ ಚುಚ್ಚಿದ್ದಕ್ಕೆ ಪ್ರಾಯಶ್ಚಿತ್ತ ಎಂದು ಹಾಡುತ್ತೇನೆ ಎನ್ನುತ್ತಿದ್ದಳು. ಪ್ರತಿ ಭಾನುವಾರ ಮಧ್ಯಾಹ್ನ ರೈಲ್ವೆ ನೌಕರರ ಕ್ಲಬ್ಬಿನ ಹಾಲಿನಲ್ಲಿ ಇವರ ಹಾಡಿಗೆ ಜನ ಜೋಡಿ ಜೋಡಿಯಾಗಿ ಕುಣಿಯುತ್ತಿದ್ದರು. ಹೆಚ್ಚಿನವರು ಮೊಮ್ಮಕ್ಕಳನ್ನು ಕಂಡವರು, ಮಂಡಿ ನೋವಿನವರು. ಅವರಿಗೆ ತಾಳ ತಪ್ಪಿದರೆ ಕಾಲೇ ತಪ್ಪಿದಂತೆ.

ಅಕ್ಕನಿಗೆ ಮೊದಲು ಸುಳಿವು ಸಿಕ್ಕಿದ್ದು ಪ್ರೆಸ್ಸಿನಲ್ಲಿ. ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಇದು ಒಂದೋ ಎರಡೋ, ತೆಳುವೋ ದಪ್ಪವೋ ಎಂದು ನೋಡದೆಯೇ ಹೇಳುತ್ತಿದ್ದ ಕೈ ಅದು. ಒಂದು ದಿನ ಮಾಲೀಕರು ಒಂದು ಪುಸ್ತಕ ತಂದು ಅವಳ ಮುಂದಿಟ್ಟರು. ಅದರಲ್ಲಿ ಒಂದೇ ಫಾರಂ, ಅಂದರೆ ಹದಿನಾರು ಪುಟದ ಮಡಿಕೆ, ಎರಡು ಸಲ ಹೊಲಿದು ಹೋಗಿತ್ತು. ಕಥಾನಾಯಕ ಹದಿನಾರು ಪುಟದ ಅಂತರದಲ್ಲಿ ಎರಡು ಸಲ ಸತ್ತಿದ್ದ.

"ಒಂದು ಸಲ ಸತ್ತಿದ್ದು ಸಾಲಲಿಲ್ವಾ ನಿಮಗೆ?" ಎಂದು ಮಾಲೀಕರು ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ಹೊಲಿಗೆಯ ಸೂಜಿ ತೆಗೆದು ಬೆರಳ ತುದಿಗೆ ಮೆಲ್ಲಗೆ ಚುಚ್ಚಿಕೊಂಡಳು. ಚುಚ್ಚಿದ್ದು ಕಣ್ಣಿಗೆ ಕಂಡಿತು, ಬೆರಳಿಗೆ ತಿಳಿಯಲಿಲ್ಲ.

ಮಣಿಕಟ್ಟಿನಲ್ಲಿ ನರ ಹಿಚುಕಿಕೊಂಡಿದೆ ಎಂದರು ಡಾಕ್ಟರು. ತುಂಬ ತಡವಾಗಿ ಬಂದಿದ್ದೀರಿ, ಆಪರೇಷನ್ ಮಾಡಬಹುದು, ಇನ್ನೂ ಕೆಡದಂತೆ ತಡೆಯಬಹುದು, ಹೋದ ಸ್ಪರ್ಶ ಎಷ್ಟು ವಾಪಸ್ ಬರುತ್ತದೆಂದು ಹೇಳಲಾರೆ ಎಂದರು. ಅಕ್ಕ ಚೀಟಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಮನೆಗೆ ಬಂದಳು. ತಮ್ಮ ಕೇಳಿದ್ದಕ್ಕೆ, "ಬಸ್ಸು ತಡ" ಎಂದಳು. ಬಸ್ ಡಿಪೋದವನ ಮುಂದೆಯೇ ಬಸ್ಸಿನ ಮೇಲೆ ಹಾಕಿದಳು ನೋಡಿ.

ಯಾಕೆ ಹೇಳಲಿಲ್ಲ? ಹೇಳಿದರೆ ಆ ಗಳಿಗೆಯಿಂದ ತಾನು ತಂಡದಲ್ಲಿ ಕರುಣೆಯ ಮೇಲೆ ನಿಂತವಳಾಗುತ್ತೇನೆ ಎಂಬ ಭಯ. ತಂಡ ಬಿಟ್ಟರೆ ಅವಳಿಗೆ ಭಾನುವಾರ ಎನ್ನುವ ದಿನವೇ ಇರಲಿಲ್ಲ.

ತೋರುಬೆರಳು, ನಡುಬೆರಳು ಎರಡೂ ತಂತಿ ಸಿಗದೆ ಗಾಳಿ ಮೀಟತೊಡಗಿದಾಗ ಅವಳು ಪಿಕ್ಕಿನ ಬಗ್ಗೆ ಯೋಚಿಸಿದಳು. ಉಗುರಿಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಬಿಲ್ಲೆ, ಎರಡು ಬೆರಳಲ್ಲಿ ಹಿಡಿದು ತಂತಿ ಮೀಟುವುದು. ಬೇರೆಯವರು ಪಿಕ್ಕಿನಲ್ಲಿ ಬೇಸ್ ನುಡಿಸಿದರೆ, "ಚಮಚದಲ್ಲಿ ಮುತ್ತು ಕೊಟ್ಟ ಹಾಗೆ" ಎಂದು ಇದೇ ಅಕ್ಕ ಮೂಗು ಮುರಿಯುತ್ತಿದ್ದಳು. ಈಗ ವಾದ್ಯದಂಗಡಿಯ ಮುಂದೆ ಎರಡು ಸಲ ಹಾದು ಹೋಗಿ, ಮೂರನೆಯ ಸಲಕ್ಕೆ ಒಳಗೆ ಹೋದಳು.

ಅಂಗಡಿಯ ಅಜ್ಜ ಕನ್ನಡಕ ಹಣೆಗೇರಿಸಿದ. "ಏನಮ್ಮ, ತಂತಿ ಬೇಕಾ?"

"ಪಿಕ್ಕು."

"ಯಾರಿಗೆ?"

"ಗೊತ್ತಿರೋರ ಮಗ. ಬೇಸ್ ಕಲೀತಾನಂತೆ."

"ಬೆರಳಿಲ್ವಾ ಅವನಿಗೆ?"

ಅಜ್ಜ ಒಂದು ಗಾಜಿನ ಭರಣಿಯನ್ನು ಮೇಜಿನ ಮೇಲೆ ಬಗ್ಗಿಸಿದ. ಬಣ್ಣಬಣ್ಣದ ಬಿಲ್ಲೆಗಳು ಪೆಪ್ಪರಮೆಂಟಿನ ಹಾಗೆ ಹರಡಿದವು.

"ತೆಳು ಬೇಡ. ಬೇಸ್ ತಂತಿಗೆ ಅದು ಬೀಸಣಿಗೆ, ಗಾಳಿ ಹಾಕುತ್ತೆ ಅಷ್ಟೆ. ಇದು ಮೆತ್ತನೆಯದು, ಒತ್ತಿದ ಉಣ್ಣೆ, ಬೆರಳಿನ ಸದ್ದಿಗೆ ಹತ್ತಿರ. ಆದರೆ ಉದುರುತ್ತೆ, ನಾಲ್ಕು ಹಾಡಿಗೆ ಪ್ಯಾಂಟಿನ ಮೇಲೆಲ್ಲ ಬೆಕ್ಕು ಮಲಗಿದ ಹಾಗಿರುತ್ತೆ. ಇದು ನೈಲಾನ್, ಇದು ಗಟ್ಟಿ ಪ್ಲಾಸ್ಟಿಕ್. ಹುಡುಗನ ಕೈ ಎಷ್ಟು ದೊಡ್ಡದು?"

"ನನ್ನಷ್ಟೇ" ಎಂದಳು ಅಕ್ಕ. ಬೈಂಡಿಂಗಿನವಳು ರಟ್ಟು ನೋಡುವ ಹಾಗೆ ಒಂದೊಂದನ್ನೂ ಬೆಳಕಿಗೆ ಹಿಡಿದಳು, ಅಂಚನ್ನು ತುಟಿಗೆ ಒತ್ತಿ ದಪ್ಪ ಅಳೆದಳು. ಬೆರಳಿಗೆ ತಿಳಿಯದ್ದು ತುಟಿಗೆ ತಿಳಿಯುತ್ತಿತ್ತು. ಅಜ್ಜ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಆ ತುಟಿಯನ್ನೂ ಆ ಕೈಯನ್ನೂ ನೋಡಿದ. "ಆ ಹುಡುಗನಿಗೆ ಹೇಳಿ," ಎಂದ, "ಅಂಗಡೀಲಿ ಆರಿಸಿದ ಪಿಕ್ಕನ್ನ ನಂಬಬಾರದು. ನುಡಿಸೋ ಹಾಲಿನಲ್ಲೇ ಸ್ಪೀಕರ್ ಜೋರಾಗಿ ಹಾಕಿ ಕೇಳಬೇಕು."

ಆ ಮಾತನ್ನು ಅಕ್ಕ ಕೇಳಿಸಿಕೊಂಡಳು, ತಲೆಗೆ ಹಾಕಿಕೊಳ್ಳಲಿಲ್ಲ.

ಏಳು ಪಿಕ್ಕು ಮನೆಗೆ ಬಂದವು. ಪ್ರೆಸ್ಸಿನಲ್ಲಿ ಅವಳ ಕೆಲಸ ನಾಲ್ಕಕ್ಕೆ ಮುಗಿಯುತ್ತಿತ್ತು, ತಮ್ಮ ಡಿಪೋದಿಂದ ಬರುತ್ತಿದ್ದದ್ದು ಆರಕ್ಕೆ. ಆ ಎರಡು ಗಂಟೆ ಅವಳದ್ದು. ಸ್ಪೀಕರ್ ಹಾಕುವ ಹಾಗಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಗೋಡೆ ಗುಮ್ಮೆಂದರೆ ಟೈಲರ್ ಮೆಟ್ಟಿಲ ಬಳಿಯೇ ತಮ್ಮನನ್ನು ತಡೆದು, ಅಕ್ಕ ಈಗ ಹಗಲೂ ಶುರು ಮಾಡಿದಳಾ ಎಂದು ಕೇಳುತ್ತಿದ್ದ. ಅದಕ್ಕೇ ಅವಳು ಗಿಟಾರಿನ ಮೇಲೆ ಚಾಚಿಕೊಂಡ ಮರದ ಕೊಂಬಿಗೆ ದವಡೆ ಊರಿ ನುಡಿಸುತ್ತಿದ್ದಳು. ತಂತಿಯ ಸದ್ದು ಮರದಿಂದ ಮೂಳೆಗೆ, ಮೂಳೆಯಿಂದ ಕಿವಿಗೆ ಬರುತ್ತಿತ್ತು.

ಸಣ್ಣ ಪಿಕ್ಕುಗಳು ಒಂದೊಂದಾಗಿ ಸೋತವು. ಸದ್ದಿನಿಂದಲ್ಲ, ಹಿಡಿತದಿಂದ. ಮರಗಟ್ಟಿದ ಬೆರಳಿನ ನಡುವೆ ಪಿಕ್ಕು ತಿರುಗಿ ಅಡ್ಡವಾದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಒಂದು ಜಾರಿ ಬಿದ್ದ ಮೇಲೂ ಅವಳು ಅರ್ಧ ಹಾಡು ಬರಿಗೈ ಆಡಿಸಿದ್ದಳು. ಉಣ್ಣೆಯದು ಹಿತವಾಗಿತ್ತು, ಆದರೆ ಎಳೆ ಉದುರಿ ಸೀರೆಗೆಲ್ಲ ಮೆತ್ತುತ್ತಿತ್ತು. ಕೊನೆಗೆ ಉಳಿದದ್ದು ದಪ್ಪ, ಗಟ್ಟಿ, ಮೂರು ಮೂಲೆಯ ದೊಡ್ಡ ಪಿಕ್ಕು. ಎತ್ತ ತಿರುಗಿದರೂ ಒಂದು ಮೂಲೆ ತಂತಿಗೆ ಸಿಕ್ಕೇ ಸಿಗುತ್ತದೆ. ಅದರ ಎರಡೂ ಮೈಗೆ ಪುಸ್ತಕದ ಬೆನ್ನಿಗೆ ಹಚ್ಚುವ ಕ್ಯಾಲಿಕೋ ಬಟ್ಟೆಯ ಚೂರು ಅಂಟಿಸಿದಳು, ಜಾರದಿರಲಿ ಎಂದು. ದವಡೆ ಊರಿ ಕೇಳಿದಳು. ದುಂಡಗೆ, ಬೆಚ್ಚಗೆ, ಹಳೆಯ ಸದ್ದೇ. ಅವತ್ತು ಅವಳು ಎಷ್ಟೋ ದಿನದ ಮೇಲೆ ಎರಡು ತುತ್ತು ಹೆಚ್ಚು ಉಂಡಳು.

ಭಾನುವಾರ ಹಾಲಿನಲ್ಲಿ ಮೇಷ್ಟ್ರು ಹುಬ್ಬು ಹಾರಿಸಿದರು. "ಏನಿದು, ಚಮಚ ಹಿಡಿದ್ರಲ್ಲ?"

"ಸ್ವಲ್ಪ ಹೊಸ ಸದ್ದು ಇರಲಿ ಮೇಷ್ಟ್ರೇ. ಎಷ್ಟು ದಿನ ಅದೇ."

ಮೊದಲ ಹಾಡು ಹೇಗೋ ಆಯಿತು. ಎರಡನೆಯದು ತಾಳ ಮೀರಿ ಓಡಿತು. ಮೂರನೆಯದರಲ್ಲಿ ನರ್ಸಮ್ಮ ಉಸಿರು ಸಾಲದೆ ಸಾಲಿನ ಬಾಲವನ್ನೇ ನುಂಗಿದಳು. ಕುಣಿಯುವ ಮುದುಕರು ಒಬ್ಬರ ಕಾಲು ಒಬ್ಬರು ತುಳಿದು, ನಕ್ಕು, ಆಮೇಲೆ ನಗದೆ, ಗೋಡೆ ಬದಿಯ ಕುರ್ಚಿ ಹಿಡಿದರು.

ಹಾಡು ಮುಗಿದದ್ದೇ ಮೇಷ್ಟ್ರು ತಮ್ಮನ ಕಡೆ ತಿರುಗಿದರು. "ಯಾವ ಬಸ್ ಹಿಡೀಬೇಕಪ್ಪ ನಿಂಗೆ?"

"ನನಗೇ ತಿಳೀಲಿಲ್ಲ ಮೇಷ್ಟ್ರೇ. ಕಾಲು ಹಿಂದೆ ಬಿದ್ದ ಹಾಗಿತ್ತು, ಹಿಡಿಯೋಕೆ ಹೋದೆ."

ಅಕ್ಕ ತನ್ನ ಗಿಟಾರಿನ ಪಟ್ಟಿ ಸರಿಮಾಡಿಕೊಳ್ಳುತ್ತ ನಿಂತಿದ್ದಳು.

ತಮ್ಮ ಪೆಡಲ್ ಬಿಚ್ಚಿ ಎಣ್ಣೆ ಹಾಕಿದ. ಸ್ಪ್ರಿಂಗ್ ಬದಲಿಸಿದ. ಎರಡನೆಯ ಭಾನುವಾರವೂ ಅದೇ ಕಥೆ. ಬೂಟು ಬಿಟ್ಟು ಬರಿಗಾಲಲ್ಲಿ ನುಡಿಸಿದ, ಮೂರನೆಯ ಭಾನುವಾರವೂ ಅದೇ. ಮನೆಯಲ್ಲಿ ಊಟಕ್ಕೆ ಕೂತಾಗ ಬಲ ಮಂಡಿಯನ್ನು ಒತ್ತಿಕೊಳ್ಳುತ್ತ, "ಡಿಪೋದಲ್ಲಿ ಬಗ್ಗಿ ಬಗ್ಗಿ ಸೊಂಟದ ನರ ಕೈಕೊಡ್ತಾ ಇದೆಯೇನಕ್ಕಾ" ಎಂದ.

ನರ ಎನ್ನುವ ಮಾತಿಗೆ ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. "ನಿಂಗೇನಾಗಿದೆ, ಸುಮ್ನೆ ತಿನ್ನು" ಎಂದಳು.

ನಿಜ ತಿಳಿದದ್ದು ಪ್ರೆಸ್ಸಿನ ಊಟದ ಹೊತ್ತಿನಲ್ಲಿ. ನರ್ಸಮ್ಮ ತನ್ನ ಹಾಡು ಕೇಳಿಕೊಳ್ಳಲು ಫೋನಿನಲ್ಲಿ ಹಿಡಿದಿಟ್ಟದ್ದನ್ನು ಅಕ್ಕನಿಗೂ ಕಳಿಸಿದ್ದಳು. ಗೋಂದಿನ ಡಬ್ಬಗಳ ನಡುವೆ ಕೂತು ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. ದವಡೆಗೆ ದುಂಡಗೆ ಕೇಳಿದ್ದ ಪಿಕ್ಕು ಹಾಲಿನ ಸ್ಪೀಕರಿನಲ್ಲಿ ಟಕ್ ಎನ್ನುತ್ತಿತ್ತು, ಕೋಳಿ ತಗಡಿನ ಮೇಲೆ ಕಾಳು ಕುಕ್ಕಿದ ಹಾಗೆ. ಆ ಟಕ್ ಮೊದಲು, ತಮ್ಮನ ಕಾಲು ಆಮೇಲೆ. ಪ್ರತಿ ಸಲವೂ.

ಫೋನು ಕೆಳಗಿಟ್ಟು ಖಾಲಿ ಕೈಯನ್ನು ಗಾಳಿಯಲ್ಲಿ ಆಡಿಸಿ ನೋಡಿದಳು. ಬೆರಳಿನಲ್ಲಿ ನುಡಿಸುವಾಗ ಸದ್ದು ಮೆಲ್ಲಗೆ ಅರಳುತ್ತದೆ, ಅರಳಲು ಒಂದು ಚಿಟಿಕೆಯಷ್ಟು ಹೊತ್ತು ಬೇಕು. ಅದಕ್ಕೇ ಅವಳ ಕೈ ಮೂವತ್ತು ವರ್ಷದಿಂದ ಒಂದು ಚಿಟಿಕೆ ಮೊದಲೇ ಹೊರಡುವುದನ್ನು ಕಲಿತಿತ್ತು. ಪಿಕ್ಕಿನ ಸದ್ದಿಗೆ ಅರಳುವ ತಾಳ್ಮೆ ಇಲ್ಲ, ಮುಟ್ಟಿದೊಡನೆ ಹಾರುತ್ತದೆ. ಕೈ ಮಾತ್ರ ಹಳೆಯ ಹೊತ್ತಿಗೇ ಹೊರಡುತ್ತಿತ್ತು. ಹೀಗೆ ಅವಳು ಮುಂದೆ ಹೋಗಿದ್ದಳು. ತಮ್ಮ ಎಲ್ಲಿದ್ದನೋ ಅಲ್ಲೇ, ಸರಿಯಾದ ಜಾಗದಲ್ಲೇ ಇದ್ದ. ಅಕ್ಕ ತಪ್ಪಲಾರಳು ಎಂದು ನಂಬಿದ್ದರಿಂದ ಅವಳನ್ನು ಹಿಡಿಯಲು ಓಡುತ್ತಿದ್ದ.

ಅವತ್ತು ಸಂಜೆಯೇ ಹೇಳಬಹುದಿತ್ತು. ಹೇಳಲಿಲ್ಲ. ತಾನೇ ತಡೆದು ನುಡಿಸಿದರಾಯಿತು, ಯಾರಿಗೂ ತಿಳಿಯದೆ ಸರಿಹೋಗುತ್ತದೆ ಎಂದುಕೊಂಡಳು. ಆದರೆ ಪಿಕ್ಕು ತಂತಿಗೆ ತಾಗಿದ್ದು ಯಾವಾಗ ಎಂದು ಬೆರಳಿಗೆ ತಿಳಿದರೆ ತಾನೇ ತಡೆಯುವುದು? ನಾಲ್ಕನೆಯ ಭಾನುವಾರ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಹಾಡು ಕುಂಟಿತು. ಮೇಷ್ಟ್ರು ಎಲ್ಲರ ಎದುರಿಗೆ ತಮ್ಮನ ಕೈಯಿಂದ ಡ್ರಮ್ ಕಡ್ಡಿ ತೆಗೆದುಕೊಂಡು ಪೆಟ್ಟಿಗೆಯ ಮೇಲಿಟ್ಟರು.

"ನೋಡಪ್ಪ, ಬೇಜಾರು ಮಾಡ್ಕೋಬೇಡ. ಮುಂದಿನ ವಾರ ಮೆಷಿನ್ ತರ್ತೀನಿ. ಗುಂಡಿ ಒತ್ತಿದ್ರೆ ತಾಳ ಹಾಕುತ್ತೆ, ಅದಕ್ಕೆ ಮಂಡಿ ನೋಯಲ್ಲ. ನೀನು ಸ್ವಲ್ಪ ದಿನ ರೆಸ್ಟ್ ತಗೋ."

"ಆಗಲಿ ಮೇಷ್ಟ್ರೇ" ಎಂದ ತಮ್ಮ. ಅಷ್ಟು ಬೇಗ, ಅಷ್ಟು ಸಣ್ಣ ದನಿಯಲ್ಲಿ ಒಪ್ಪಿಕೊಂಡದ್ದು ನೋಡಿ ಅಕ್ಕ ಗಿಟಾರನ್ನು ಹೆಗಲಿಂದ ಇಳಿಸಿದಳು.

"ಮೆಷಿನ್ ತಂದ್ರೂ ಹಾಡು ಹೀಗೇ ಕುಂಟುತ್ತೆ ಮೇಷ್ಟ್ರೇ" ಎಂದಳು. "ತಪ್ಪು ನಂದು."

"ನೀವು ಅಕ್ಕ ಅಂತ ಹಾಗೆ ಹೇಳ್ತೀರಿ."

"ಅಕ್ಕ ಅಂತ ಅಲ್ಲ. ನನ್ನ ಕೈ ಸತ್ತಿದೆ."

ನರ್ಸಮ್ಮ ಮೈಕ್ ಕೆಳಗಿಟ್ಟು ಬಂದು ಅವಳ ಬಲಗೈ ಹಿಡಿದಳು. ಸೀರೆಯ ಪಿನ್ನು ತೆಗೆದು, "ಆ ಕಡೆ ನೋಡಿ" ಎಂದು ಹೆಬ್ಬೆರಳಿಗೆ, ತೋರುಬೆರಳಿಗೆ, ನಡುಬೆರಳಿಗೆ ತಾಗಿಸಿದಳು.

"ಎಲ್ಲಿ ಚುಚ್ತಾ ಇದೀನಿ, ಹೇಳಿ."

"ಇನ್ನೂ ಶುರು ಮಾಡಿಲ್ವಲ್ಲ" ಎಂದಳು ಅಕ್ಕ.

ನರ್ಸಮ್ಮ ಪಿನ್ನನ್ನು ಮತ್ತೆ ಸೆರಗಿಗೆ ಸಿಕ್ಕಿಸಿಕೊಂಡಳು.

ಮನೆಗೆ ಬರುವ ದಾರಿಯುದ್ದಕ್ಕೂ ತಮ್ಮ ಎರಡು ಹೆಜ್ಜೆ ಮುಂದೆಯೇ ನಡೆದ. ಚಪ್ಪಲಿ ಬಿಡುವಾಗ ಕೇಳಿದ, "ಯಾವಾಗ ಗೊತ್ತಾಯ್ತು ನಿಂಗೆ, ನಂದಲ್ಲ ತಪ್ಪು ಅಂತ?"

"ಬುಧವಾರ."

"ಬುಧವಾರ. ಗುರುವಾರ ನಾನು ಡಾಕ್ಟರ ಹತ್ರ ಮಂಡಿ ತೋರಿಸಿಕೊಂಡು ಬಂದೆ. ಎಕ್ಸ್‌ರೇ ತೆಗೆಸಿದ್ರು. ನೀನೇ ಬಿಸಿನೀರಿನ ಚೀಲ ಕೊಟ್ಟೆ."

ಅವಳು ಬಾಗಿ ಅವನ ಚಪ್ಪಲಿಯನ್ನು ಗೋಡೆ ಬದಿಗೆ ಜೋಡಿಸಿದಳು.

"ಕೈ ಹೋಗಿದ್ದಕ್ಕೆ ನಂಗೆ ಸಿಟ್ಟಿಲ್ಲಕ್ಕಾ," ಎಂದ. "ಒಂದು ತಿಂಗಳು ನನ್ನ ಕಾಲನ್ನ ನಾನೇ ಬೈಕೊಂಡೆ. ನೀನು ಪಕ್ಕದಲ್ಲಿ ಕೂತು ಕೇಳಿಸ್ಕೊಂಡೆ."

ಆಪರೇಷನ್ ಆಯಿತು. ಕೆಡುವುದು ನಿಂತಿತು, ಸ್ಪರ್ಶ ಬರಲಿಲ್ಲ. ಪ್ರೆಸ್ಸಿನಲ್ಲಿ ಅವಳನ್ನು ಹೊಲಿಗೆಯಿಂದ ಬಿಡಿಸಿ ಬರೀ ಮೇಲುಸ್ತುವಾರಿಗೆ ಹಾಕಿದರು. ಬೇಸ್ ನುಡಿಸಲು ತಂಡಕ್ಕೆ ಮೇಷ್ಟ್ರ ಹಳೆಯ ಶಿಷ್ಯೆ ಬಂದಳು, ಹಲ್ಲಿನ ಸೆಟ್ ಮಾಡುವ ಕೆಲಸದವಳು, ಚುರುಕು ಕೈ. ಅಭ್ಯಾಸ ಗುರುವಾರ ಸಂಜೆ, ಎಂದಿನಂತೆ ಇವರ ಮನೆಯ ಮುಂದಿನ ಕೋಣೆಯಲ್ಲಿ. ಡ್ರಮ್ ಇದ್ದದ್ದು ಅಲ್ಲೇ, ಬೇರೆ ಜಾಗವಿರಲಿಲ್ಲ. ಆ ಹೊತ್ತಿಗೆ ಅಕ್ಕ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು.

ಮೂರು ಗುರುವಾರ ಹಾಡು ಹದಕ್ಕೆ ಬರಲಿಲ್ಲ. ನಾಲ್ಕನೆಯ ವಾರ ಆ ಹುಡುಗಿ ನಡುವೆಯೇ ಕೈ ನಿಲ್ಲಿಸಿದ್ದು ಅಕ್ಕನಿಗೆ ಕೇಳಿಸಿತು.

"ಅಣ್ಣಾ, ಒಂದು ಮಾತು ಹೇಳ್ಲಾ? ನೀವು ನನ್ನ ಜೊತೆ ನುಡಿಸ್ತಾ ಇಲ್ಲ. ಅಡುಗೆಮನೆ ಜೊತೆ ನುಡಿಸ್ತಾ ಇದೀರ."

ಅಕ್ಕ ಕೆಳಗೆ ನೋಡಿದಳು. ಅವಳ ಕೈಯ ಚಾಕು ಮಣೆಯ ಮೇಲೆ ತಾಳ ಹಾಕುತ್ತಿತ್ತು. ಒಂದು ಚಿಟಿಕೆ ಮೊದಲೇ ಹೊರಡುವ ಅದೇ ತಾಳ. ಗೋಡೆಯ ಆಚೆ ತಮ್ಮನ ಕಾಲು ಅದನ್ನೇ ಹುಡುಕುತ್ತಿತ್ತು. ಮೇಷ್ಟ್ರು ಕೆಮ್ಮಿದರು. ಕ್ಲಬ್ಬಿನವರು ಇನ್ನು ಎರಡು ವಾರ ನೋಡುತ್ತೇವೆ ಎಂದಿದ್ದಾರೆ, ಆಮೇಲೆ ನಿಜವಾಗಿಯೂ ಮೆಷಿನ್ನೇ ಗತಿ ಎಂದರು.

ಅಕ್ಕ ಚಾಕು ಕೆಳಗಿಟ್ಟಳು. ಕಾಲು ಶುರು ಮಾಡಿತು. ಕಾಲನ್ನು ಮಡಿಸಿ ಕೂತಳು. ಬೆರಳು ಮಂಡಿಯ ಮೇಲೆ ಆಡತೊಡಗಿತು. ಈ ಮೈಯನ್ನು ಇಟ್ಟುಕೊಂಡು ಈ ಮನೆಯಲ್ಲಿ ಸುಮ್ಮನಿರುವುದು ತನ್ನಿಂದಾಗದು ಎಂದು ಆಗ ತಿಳಿಯಿತು. ಸುಮ್ಮನಿದ್ದರೂ ಅವನು ಆ ಸುಮ್ಮನಿರುವುದಕ್ಕೇ ಕಿವಿ ಕೊಡುತ್ತಾನೆ.

ಪ್ರೆಸ್ಸಿನ ಮೇಲೆ ರಟ್ಟು ಪೇರಿಸುವ ಒಂದು ಕೋಣೆ ಖಾಲಿ ಇತ್ತು, ಕಿಟಕಿ ಇತ್ತು, ನಲ್ಲಿ ಇತ್ತು. ಮಾಲೀಕರನ್ನು ಕೇಳಿದಳು. ಅವರು ಕಾರಣ ಕೇಳಿದ್ದಕ್ಕೆ, "ಮೆಟ್ಟಿಲು ಕಡಿಮೆ" ಎಂದಳು. ತಮ್ಮನಿಗೆ ಸೋಮವಾರ ಹೇಳಿದಳು. ಅವನು ಎರಡು ದಿನ ಮುಖ ಕೊಡಲಿಲ್ಲ. ಬುಧವಾರ ಬಂದು ಬಾಗಿಲಿಗೆ ಒರಗಿ ನಿಂತ.

"ನಾನು ಬೈದಿದ್ದಕ್ಕಾ?"

"ಅಲ್ಲ ಕಣೋ."

"ಮತ್ತೆ ಏನಕ್ಕೆ? ತಂಡ ಬೇಕಾದ್ರೆ ಬಿಡ್ತೀನಿ. ಯಾರಿಗೆ ಬೇಕು."

"ನಿಂಗೆ ಬೇಕು" ಎಂದಳು ಅಕ್ಕ. "ಒಂದ್ಸಲ ನಿನ್ನ ಜಾಗ ನಾನು ತಿನ್ನೋಕೆ ಹೋಗಿದ್ದೆ. ಇನ್ನೊಂದ್ಸಲ ತಿನ್ನಿಸಬೇಡ."

ಗುರುವಾರ ಬರಲಿ ಎಂದು ಅವಳು ಕಾದದ್ದು ಬೇಕೆಂದೇ. ಬಟ್ಟೆಯ ಚೀಲ, ಒಂದು ಚಾಪೆ, ಎರಡು ಪಾತ್ರೆ ಬೆಳಿಗ್ಗೆಯೇ ಕಟ್ಟಿಟ್ಟಿದ್ದಳು. ಗಿಟಾರನ್ನು ಮೂಲೆಯಲ್ಲೇ ಬಿಟ್ಟಳು. ಹುಡುಗಿಯದಕ್ಕಿಂತ ಅದರ ಸದ್ದು ಒಳ್ಳೆಯದು ಎಂದು ಅವಳಿಗೆ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಸಂಜೆ ಎಲ್ಲರೂ ಬಂದರು, ಮೊದಲ ಹಾಡು ಶುರುವಾಯಿತು. ಹಾಡಿನ ನಡುವೆ ಯಾರು ಬೇಕಾದರೂ ಎದ್ದು ಬರಬಹುದು, ಡ್ರಮ್ ನುಡಿಸುವವನು ಬರಲಾರ.

ಅವಳು ಚೀಲ ಹೆಗಲಿಗೇರಿಸಿ ಮುಂದಿನ ಕೋಣೆಗೆ ಬಂದಳು. ನರ್ಸಮ್ಮ ಹಾಡುತ್ತಲೇ ಕಣ್ಣು ತಗ್ಗಿಸಿದಳು. ತಮ್ಮ ತಲೆಯೆತ್ತಿದ. ಎರಡು ಕೈ, ಎರಡು ಕಾಲು, ನಾಲ್ಕೂ ಕೆಲಸದಲ್ಲಿದ್ದವು. ತಾಳ ಒಮ್ಮೆ ತೊದಲಿತು. ಅಕ್ಕ ನಿಲ್ಲಲಿಲ್ಲ, ಹುಡುಗಿಯ ಕಡೆ ಗಲ್ಲ ಎತ್ತಿ ತೋರಿಸಿದಳು: ಅಲ್ಲಿ ನೋಡು, ನನ್ನನ್ನಲ್ಲ. ಅವನು ಬಹಳ ಹೊತ್ತು ಎನಿಸುವಷ್ಟು ಅವಳನ್ನೇ ನೋಡಿ, ಆಮೇಲೆ ಕುತ್ತಿಗೆಯನ್ನು ಆ ಕಡೆ ತಿರುಗಿಸಿದ.

ಹೊರಗೆ ಮರದ ಮೆಟ್ಟಿಲು. ಒಂದೊಂದು ಹೆಜ್ಜೆಯೂ ಒಳಗೆ ಕೇಳುತ್ತಿತ್ತು. ಅದಕ್ಕೇ ಅಕ್ಕ ಒಂದು ಮೆಟ್ಟಿಲು ಬೇಗ ಇಳಿದಳು, ಒಂದರ ಮೇಲೆ ಸುಮ್ಮನೆ ನಿಂತಳು, ಎರಡನ್ನು ಒಟ್ಟಿಗೆ ದಾಟಿದಳು, ಯಾವ ತಾಳವೂ ಸಿಗದ ಹಾಗೆ. ಕೆಳಗೆ ಟೈಲರ್ ಹೊಲಿಗೆ ನಿಲ್ಲಿಸಿ, "ಏನಕ್ಕಾ, ಕಾಲು ನೋವಾ?" ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಅವಳು ಪ್ರೆಸ್ಸಿನ ದಾರಿ ಹಿಡಿದಳು.